ಕಿವಿಗೆ ಬಂದ ಗುಂಗಾಡು

ಮೊನ್ನೆ ಹೊನ್ನಾಳಿಯ ಕಲ್ಯಾಣ ಮಂಟಪವೊಂದರಲ್ಲಿ ನನ್ನ ತಂಗಿಗೆ ಸನ್ಮಾನವಿತ್ತು. ತಂಗಿ ಅಂದರೆ ಹಾಲಮ್ಮ. ಜನರಿಗೆ ಈಗ ಪ್ರೊಫೆಸರ್ ಹಾಲಮ್ಮನವರು, ಒಂದು ವಿಶ್ವವಿದ್ಯಾಲಯದ ಕುಲಪತಿ. ಮಾತನಾಡುವ ಹಕ್ಕಿನ ಬಗ್ಗೆ ಕಾನೂನು ಏನು ಹೇಳುತ್ತದೆ ಎನ್ನುವುದನ್ನೇ ಅವಳು ಜೀವಮಾನವಿಡೀ ಓದಿದಳು, ಬರೆದಳು, ಕಲಿಸಿದಳು. ನನ್ನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ತಂಗಿಯನ್ನು ಓದಿಸಿದ ಅಣ್ಣ ಎಂದು ನನಗೂ ಒಂದು ಹಾರ, ಒಂದು ಶಾಲು ಇತ್ತು.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಮೈಕಿನ ಹುಡುಗರು ಯಾವುದೋ ಹಳೆಯ ಆಂಪ್ಲಿಫೈಯರಿಗೆ ವೈರು ಕೊಟ್ಟರು. ಕಾದ ಪೆಟ್ಟಿಗೆಯೊಳಗೆ ದೂಳು ಸುಡುವ ವಾಸನೆ ಸಣ್ಣಗೆ ಬಂತು. ಬೇರೆಯವರಿಗೆ ಅದು ತಿಳಿದಿರಲಿಕ್ಕಿಲ್ಲ. ನಾನು ಬಹಳ ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಬದುಕಿದವನು. ಆ ವಾಸನೆ ಬಂದರೆ ಈಗಲೂ ಕೈ ತಾನಾಗಿ ಗುಂಡಿ ಹುಡುಕುತ್ತದೆ. ಅವತ್ತು ಮಾತ್ರ ಅದರ ಹಿಂದೆಯೇ ಒಂದು ಬೇಸಿಗೆ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿತು.

ಹಾಲಮ್ಮ ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಬೇಸಿಗೆ ಅದು. ನಮ್ಮ ಮನೆ ಬಸವಾಪಟ್ಟಣದಲ್ಲಿ, ಅಂಗಡಿ ಚನ್ನಗಿರಿಯಲ್ಲಿ. ಅಪ್ಪ ಇರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟು ನಾನು ಈ ಕಸುಬಿಗೆ ಬಿದ್ದಿದ್ದೆ. ಜೊತೆಗಿದ್ದ ಆಳು ಹೇಳದೆ ಕೇಳದೆ ಮಿಲ್ಲಿನ ಕೆಲಸಕ್ಕೆ ಸೇರಿಕೊಂಡ. ಮದುವೆಯ ಕಾಲ, ಪ್ರಚಾರದ ಕೆಲಸ ಬೇರೆ. ಒಬ್ಬನ ಕೈಯಲ್ಲಿ ಆಗುವಂತಿರಲಿಲ್ಲ. "ನಾನು ಬರ್ತೀನಿ" ಎಂದಳು ಹಾಲಮ್ಮ.

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ವಯಸ್ಸಿಗೆ ಬಂದ ಹುಡುಗೀನ ಆಟೋದಾಗೆ ಕೂರಿಸ್ಕಂಡು ಊರೂರು ಕೂಗಿಸ್ತೀಯೇನೋ ರುದ್ರ? ನಾಳೆ ಗಂಡು ನೋಡಾಕೆ ಬಂದೋರು ಏನಂತಾರೆ?"

"ಧ್ವನಿ ಪರೀಕ್ಷೆ ಆಗ್ಲೇ ಆಗೈತೆ ಅಂತಾರೆ ಬಿಡವ್ವ" ಎಂದು ಹಾಲಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಆ ಬೇಸಿಗೆಯಲ್ಲಿ ನಾವಿಬ್ಬರೂ ಸುತ್ತದ ಊರಿಲ್ಲ. ಜಗಳೂರಿನಲ್ಲಿ ನಾಟಕ ಕಂಪನಿಯ ಪ್ರಚಾರ. ಕೆಂಪು ದೂಳಿಗೆ ಅವಳ ಎರಡೂ ಜಡೆ ಬಣ್ಣ ತಿರುಗಿದ್ದವು. ಜಾಲಿ ಮರದ ಕೆಳಗೆ ಆಟೊ ನಿಲ್ಲಿಸಿ ಬುತ್ತಿ ಬಿಚ್ಚಿದರೆ ರೊಟ್ಟಿಗಿಂತ ಮೊದಲು ದೂಳು ಬಾಯಿಗೆ ಬರುತ್ತಿತ್ತು. ಹೊನ್ನಾಳಿಯಲ್ಲಿ ಟೆಂಟ್ ಸಿನಿಮಾ. ಹೊಳೆ ಬತ್ತಿ ಬಂಡೆ ಎದ್ದಿದ್ದವು. ಅವಳು ಸೇತುವೆಯ ಮೇಲಿಂದ ಕೂಗಿದರೆ ಬಂಡೆಗಳ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳುತ್ತಿದ್ದರು. ನಾನು ಕೂಗಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅವಳದು ಬರಿಯ ಗಟ್ಟಿ ದನಿಯಲ್ಲ. ಮಾತು ಎಲ್ಲಿ ನಿಲ್ಲಬೇಕು, ಎಲ್ಲಿ ಏಳಬೇಕು ಎಂದು ಹುಟ್ಟಾ ಗೊತ್ತಿದ್ದ ದನಿ.

ನ್ಯಾಮತಿಯ ಸೀರೆ ಅಂಗಡಿಯವರ ಕೆಲಸದಲ್ಲಿ ಒಂದು ಪ್ರಸಂಗ ನಡೆಯಿತು. 'ಬಣ್ಣ ಹೋಗುವುದಿಲ್ಲ' ಎಂದು ಹೇಳಲು ಅವರು ಹೇಳಿದ್ದರು. ಇವಳು ಎರಡು ಬೀದಿ ಹಾಗೇ ಕೂಗಿ, ಮೂರನೆಯ ಬೀದಿಯಲ್ಲಿ 'ಬಣ್ಣ ಹೋದರೆ ಸೀರೆ ವಾಪಸ್' ಎಂದು ಸೇರಿಸಿದಳು. ಅಂಗಡಿಯವರು ಸೈಕಲ್ಲಿನಲ್ಲಿ ಅಟ್ಟಿಸಿಕೊಂಡು ಬಂದರು.

"ಯಾರಮ್ಮಾ ನಿಂಗೆ ಹಂಗನ್ನಾಕೆ ಹೇಳಿದ್ದು?"

"ಬಣ್ಣ ಹೋಗಲ್ಲ ಅಂತ ನೀವೇ ಅಂದ್ರಲ್ರೀ. ಹೋಗದೇ ಇರೋ ಬಣ್ಣಕ್ಕೆ ವಾಪಸ್ ಕೊಡ್ತೀವಿ ಅಂದ್ರೆ ನಿಮಗೇನು ನಷ್ಟ?"

ಅವರು ನನ್ನ ಕಡೆ ತಿರುಗಿ, "ಈಕಿನ್ನ ಲಾಯರ್ ಮಾಡು ಮಾರಾಯ, ಸೀರೆ ತಂಟೆಗೆ ಕಳಿಸಬ್ಯಾಡ" ಎಂದು ಸೈಕಲ್ ತಿರುಗಿಸಿದರು. ನಾವು ಊರು ದಾಟುವವರೆಗೂ ನಕ್ಕೆವು.

ದೊಡ್ಡ ಸಭೆಗಳಲ್ಲಿ ಅವಳಿಗೆ ಆಂಪ್ಲಿಫೈಯರಿನ ಕೆಲಸ. ನಾನು ವೇದಿಕೆಯ ಬುಡದಲ್ಲಿ ನಿಂತಿರುತ್ತಿದ್ದೆ, ಅವಳು ದೂರದಲ್ಲಿ ಪೆಟ್ಟಿಗೆಯ ಹತ್ತಿರ. ನಡುವೆ ಜನ. ಮಾತಿನಲ್ಲಿ ಹೇಳುವಂತಿರಲಿಲ್ಲವಾದ್ದರಿಂದ ನಮ್ಮದು ಸನ್ನೆ. ಅಂಗೈ ಎತ್ತಿದರೆ ದನಿ ಏರಿಸು. ಕಿವಿ ಮುಟ್ಟಿಕೊಂಡರೆ ಇಳಿಸು. ಬೇರೆಯವರು ಕಿವಿ ಹಿಡಿದರೆ ತಪ್ಪಾಯಿತು ಎಂದು ಅರ್ಥ. ನಮ್ಮ ಕಸುಬಿನಲ್ಲಿ ಅದಕ್ಕೆ ಬೇರೆ ಅರ್ಥ.

ಬೇಸಿಗೆಯ ಕೊನೆಯಲ್ಲಿ ಸೂಳೆಕೆರೆ ದಂಡೆಯ ಒಂದು ಊರಿನಲ್ಲಿ ಮೀನು ಹಿಡಿಯುವವರ ಸಂಘದ ಸಭೆ ಇತ್ತು. ಹೊಸ ತೆಪ್ಪಗಳನ್ನು ಹಂಚುವ ಕಾರ್ಯಕ್ರಮ. ಬುಟ್ಟಿಯ ಹಾಗೆ ದುಂಡಗಿನ ತೆಪ್ಪಗಳಿಗೆ ಕುಂಕುಮ ಹಚ್ಚಿ, ಹೂ ಸುತ್ತಿ ಸಾಲಾಗಿ ಇಟ್ಟಿದ್ದರು. ಸಂಘದ ಅಧ್ಯಕ್ಷರು ಸುತ್ತಲಿನ ಹಳ್ಳಿಗಳಲ್ಲಿ ಮಾತು ನಡೆಯುವ ಮನುಷ್ಯ. ಅವರು ಹೇಳಿದರೆ ಆ ಕಡೆಯ ಮದುವೆಗಳ ಮೈಕೆಲ್ಲ ನನಗೇ ಬರುತ್ತಿತ್ತು. ಅವರು ಬೇಡವೆಂದರೆ ಬೇರೆಯವನಿಗೆ ಹೋಗುತ್ತಿತ್ತು.

ಮೈಕಿನ ಹಾರ್ನ್ ಕಟ್ಟಲು ಬೇವಿನ ಮರ ಹತ್ತಿದ್ದೆ. ಮೇಲಿಂದ ಸಂಘದ ಗೋದಾಮಿನ ಹಿಂಭಾಗ ಕಾಣುತ್ತಿತ್ತು. ಅಲ್ಲಿ ಒಂದು ಹಳೆಯ ತೆಪ್ಪವನ್ನು ಬೋರಲು ಹಾಕಿದ್ದರು. ಅದರ ತಳದಲ್ಲಿ ಗೋಣಿತಾಟು ಹೊಲಿದು ಡಾಂಬರು ಬಳಿದ ತೇಪೆ. ತೇಪೆಯ ಪಕ್ಕದಲ್ಲೇ ಕೈ ತೂರುವಷ್ಟು ಹರಿದಿತ್ತು. ನೋಡಿದೆ. ಇಳಿದೆ. ಅದು ಯಾರದು ಎಂದು ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಸ್ವಲ್ಪ ದಿನದ ಹಿಂದೆ ಹನುಮಂತಪ್ಪ ಎನ್ನುವವನು ಆ ತೆಪ್ಪದಲ್ಲಿ ಹೋಗಿ ಕೆರೆಯಲ್ಲಿ ಮುಳುಗಿದ್ದ. ಕುಡಿದಿದ್ದ, ಅದಕ್ಕೇ ಮುಳುಗಿದ ಎಂದು ಸಂಘದವರು ಹೇಳಿದ್ದರು. ಸಂಘ ಕೊಟ್ಟ ತೆಪ್ಪದ ಮಾತನ್ನು ಯಾರೂ ಎತ್ತಲಿಲ್ಲ.

ಭಾಷಣಗಳು ಮುಗಿಯುತ್ತಾ ಬಂದಾಗ, "ಯಾರಾದ್ರೂ ಎರಡು ಮಾತು ಆಡೋರಿದ್ರೆ ಬರ್ರಿ" ಎಂದರು ಅಧ್ಯಕ್ಷರು. ಉಪಚಾರದ ಮಾತು ಅದು, ಯಾರೂ ಬರುವುದಿಲ್ಲ. ಹೆಂಗಸರ ಕಡೆಯಿಂದ ಒಬ್ಬಳು ಎದ್ದಳು. ಹನುಮಂತಪ್ಪನ ಹೆಂಡತಿ ಚೌಡಮ್ಮ. ವೇದಿಕೆ ಹತ್ತಿ ಮೈಕು ಹಿಡಿದಳು. ಮೈಕು ಹಿಡಿದು ರೂಢಿಯಿಲ್ಲದವರು ಅದನ್ನು ಬಾಯಿಗೆ ತೀರ ಹತ್ತಿರ ತರುತ್ತಾರೆ. ಅವಳ ಉಸಿರು ಕೆರೆಯ ಮೇಲೆಲ್ಲ ಕೇಳಿಸಿತು.

"ನನ್ನ ಗಂಡ ಕುಡಿದಿರಲಿಲ್ಲ" ಎಂದಳು. "ಆ ತೆಪ್ಪ..."

ಅಧ್ಯಕ್ಷರು ನನ್ನ ಕಡೆ ನೋಡಿದರು. ಏನೂ ಹೇಳಲಿಲ್ಲ. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು, ಅಷ್ಟೇ. ನಾನು ಕಿವಿ ಮುಟ್ಟಿಕೊಂಡೆ. ಹಾಲಮ್ಮ ಇಳಿಸಲಿಲ್ಲ. ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದಳು. ಮತ್ತೆ ಮುಟ್ಟಿಕೊಂಡೆ. ಅವಳ ಕೈ ಗುಂಡಿ ತಿರುಗಿಸಿತು.

ಚೌಡಮ್ಮ ಮಾತನಾಡುತ್ತಲೇ ಇದ್ದಳು. ತುಟಿ ಅಲುಗುತ್ತಿತ್ತು, ಕೈ ಗೋದಾಮಿನ ಕಡೆ ತೋರಿಸುತ್ತಿತ್ತು. ಕೆರೆ ಗಾಳಿ ಜೋರಾಗಿತ್ತು, ಮುಂದೆ ಕೂತವರಿಗೂ ಏನೂ ಕೇಳಲಿಲ್ಲ. ಹಿಂದಿನಿಂದ ಯಾರೋ "ಕೇಳ್ತಿಲ್ಲವ್ವೋ!" ಎಂದು ಕೂಗಿದರು. ಇನ್ಯಾರೋ ನಕ್ಕರು. ಅವಳು ಮೈಕನ್ನು ಅಂಗೈಯಿಂದ ತಟ್ಟಿ ನೋಡಿದಳು. ಅಷ್ಟರಲ್ಲಿ ಒಬ್ಬರು ಬಂದು, ಕರೆಂಟಿನ ತೊಂದರೆ ಎಂದು ಮೊಣಕೈ ಹಿಡಿದು ಅವಳನ್ನು ಕೆಳಗೆ ಇಳಿಸಿದರು. ಸಿಹಿ ಹಂಚಿದರು. ತೆಪ್ಪ ಹಂಚಿದರು.

ವೈರು ಸುತ್ತುವಾಗ ಹಾಲಮ್ಮ ಕೇಳಿದಳು. "ಯಾಕಣ್ಣ ಇಳಿಸು ಅಂದೆ?"

"ನಾನೆಲ್ಲಿ ಅಂದೆ?"

"ಕಿವಿ ಮುಟ್ಟಿಕೊಂಡ್ಯಲ್ಲ."

"ಗುಂಗಾಡು ಬಂದಿತ್ತು ಕಿವಿಗೆ. ತುರಿಸ್ಕಂಡೆ. ಅಷ್ಟಕ್ಕೇ ಇಳಿಸಿಬಿಡಾದಾ? ಪಾಪ, ಆ ಹೆಂಗಸು ಏನೋ ಹೇಳಾಕೆ ಹೋಗಿದ್ಲು."

ಕೆರೆ ದಂಡೆಯಲ್ಲಿ ಗುಂಗಾಡಿಗೇನೂ ಬರವಿಲ್ಲ. ಸೊಳ್ಳೆಗಿಂತ ಸಣ್ಣ ಹುಳ, ಹಿಂಡು ಹಿಂಡಾಗಿ ಮುಖಕ್ಕೇ ಬರುತ್ತದೆ. ಅವಳು ನಂಬಿದಳು. ಆಮೇಲೆ ಚೌಡಮ್ಮನ ಕಡೆಯವರು ಬಂದು ಕೇಳಿದಾಗಲೂ ನಾನು, "ಹುಡುಗಿ ಹೊಸಬಳು, ತಿಳೀದೆ ತಿರುವಿದ್ಲು" ಎಂದೆ. ಅಧ್ಯಕ್ಷರಿಗೂ ಸಮಾಧಾನ, ಇವರಿಗೂ ಸಮಾಧಾನ. ತಪ್ಪು ಯಾರ ತಲೆಗೆ ಹೋಯಿತು ಎಂದು ನಾನು ನೋಡಲಿಲ್ಲ. ಮರುದಿನ ಅವಳು ಒಬ್ಬಳೇ ಬಸ್ಸು ಹತ್ತಿ ಆ ಊರಿಗೆ ಹೋಗಿ ಚೌಡಮ್ಮನ ಕಾಲಿಗೆ ಬಿದ್ದು ಬಂದಳು. ಅದನ್ನು ನನಗೆ ಹೇಳಿದ್ದು ಅವ್ವ. ಹಾಲಮ್ಮ ಮತ್ತೆಂದೂ ಪೆಟ್ಟಿಗೆ ಮುಟ್ಟಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಕಾಲೇಜು ಸೇರಿದಳು.

ಆಮೇಲೆ ನಾನು ಅವಳನ್ನು ಓದಿಸಿದೆ. ಹೌದು, ಓದಿಸಿದೆ. ಕಾನೂನು ಓದುತ್ತೇನೆ ಎಂದಾಗ ಅವ್ವ ಬೇಡವೆಂದರೂ ನಾನು ಹೂಂ ಎಂದೆ. ಪ್ರೀತಿಯಿಂದ ಓದಿಸಿದೆನೋ ಹೆದರಿಕೆಯಿಂದ ಓದಿಸಿದೆನೋ ನನಗೇ ಗೊತ್ತಿಲ್ಲ. ಲಾಯರ್ ಆಗುತ್ತಾಳೆ ಎಂದುಕೊಂಡಿದ್ದೆವು, ಮೇಷ್ಟರಾದಳು. ಒಮ್ಮೆ ಜೊತೆಯ ಮೇಷ್ಟರೊಬ್ಬರು ಬರೆದದ್ದು ಆಡಳಿತದವರಿಗೆ ಹಿಡಿಸದೆ ಅವರನ್ನು ತೆಗೆಯಲು ಹೊರಟಾಗ ಇವಳು ಅವರ ಪರ ನಿಂತಳು. ಅದಕ್ಕಾಗಿ ಇವಳ ಬಡ್ತಿ ಎಷ್ಟೋ ವರ್ಷ ತಡವಾಯಿತು. "ಅವರು ಬರೆದಿದ್ದು ನನಗೂ ಹಿಡಿಸಲಿಲ್ಲ ಅಣ್ಣ. ಅದು ಬೇರೆ ಮಾತು" ಎಂದಿದ್ದಳು. ಕುಲಪತಿಯಾದ ಮೇಲೆ ಹುಡುಗರು ಅವಳನ್ನೇ ಬೈದು ಗೋಡೆಗೆ ಕಾಗದ ಅಂಟಿಸಿದರಂತೆ. ಕಿತ್ತು ಹಾಕಲು ಹೋದ ಜವಾನನನ್ನು ತಡೆದಳಂತೆ. "ಕಾಗುಣಿತ ತಪ್ಪಿತ್ತು, ಅದನ್ನಷ್ಟು ತಿದ್ದಿ ಬಂದೆ" ಎಂದು ನಕ್ಕಳು. ಯಾವ ಸಭೆಗೆ ಹೋದರೂ ಮೊದಲು ಮೈಕಿನವನ ಹತ್ತಿರ ಹೋಗಿ, "ಯಾರು ಏನು ಸನ್ನೆ ಮಾಡಿದ್ರೂ ಇಳಿಸಬ್ಯಾಡಪ್ಪ" ಎಂದು ಹೇಳಿಯೇ ವೇದಿಕೆ ಹತ್ತುವಳು. ಹೊನ್ನಾಳಿಯಲ್ಲೂ ಹಾಗೇ ಮಾಡಿದಳು. ಹುಡುಗರು ಮುಸಿಮುಸಿ ನಕ್ಕರು. ನಾನು ಶಾಲಿನ ಅಂಚು ನೋಡುತ್ತಾ ಕೂತೆ.

ಅವತ್ತಿನ ಭಾಷಣದಲ್ಲಿ ಅವಳು ಆ ಬೇಸಿಗೆಯ ಕಥೆ ಹೇಳಿದಳು. ಬೇರೆ ಕಡೆ ಎಷ್ಟೋ ಸಲ ಹೇಳಿದ್ದಾಳೆ, ಪುಸ್ತಕದಲ್ಲೂ ಬರೆದಿದ್ದಾಳೆ ಎಂದು ನನ್ನ ಮಗ ಓದಿ ಹೇಳಿದ್ದ. ನನ್ನೆದುರಿಗೆ ಹೇಳಿದ್ದು ಅದೇ ಮೊದಲು.

"ಯಾರೂ ನನಗೆ ಅಪ್ಪಣೆ ಮಾಡಲಿಲ್ಲ" ಎಂದಳು. "ಇಲ್ಲೇ ಕೂತಿರುವ ನಮ್ಮಣ್ಣ ಗುಂಗಾಡು ಬಂತೆಂದು ಕಿವಿ ತುರಿಸಿಕೊಂಡ. ನಾನು ಅದನ್ನು ಅಪ್ಪಣೆ ಅಂದುಕೊಂಡೆ. ದೊಡ್ಡವರ ಮುಂದೆ ಒಬ್ಬ ಬಡ ಹೆಂಗಸು ಮಾತಾಡುತ್ತಿದ್ದರೆ ನಿಲ್ಲಿಸಬೇಕು ಎನ್ನುವುದು ನನ್ನೊಳಗೇ ಇತ್ತು. ಬಾಯಿ ಮುಚ್ಚಿಸುವ ಸರ್ಕಾರದ ಬಗ್ಗೆ ಕಾನೂನು ಮಾತಾಡುತ್ತದೆ. ಅಪ್ಪಣೆಯಿಲ್ಲದೆ ಮುಚ್ಚಿಸುವ ನನ್ನಂಥವರ ಬಗ್ಗೆ ಯಾರು ಮಾತಾಡಬೇಕು? ನಾನು ಬರೆದದ್ದೆಲ್ಲ ಅದರ ಬಗ್ಗೆಯೇ."

ಜನ ನನ್ನ ಕಡೆ ತಿರುಗಿ ನಕ್ಕು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರು, "ಗುಂಗಾಡಿಗೆ ನಾವು ಋಣಿ ಬಿಡ್ರಿ ರುದ್ರಪ್ಪನೋರೆ" ಎಂದರು. ಅವಳ ಇಷ್ಟು ವರ್ಷದ ವಿದ್ಯೆ ನಾನು ಆಡಿದ ಸುಳ್ಳಿನ ಮೇಲೆ ನಿಂತಿದೆ ಎಂದು ಮಂಟಪದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಿಜ ಹೇಳಿದರೆ ಅದು ಕುಸಿಯುತ್ತದೆ ಎಂದು ಹೆದರಿ ಸುಮ್ಮನಿದ್ದೆ. ನನ್ನ ಮಾನ ಉಳಿಸಿಕೊಳ್ಳಲು ಸುಮ್ಮನಿದ್ದೆ ಎಂದರೂ ಸರಿಯೇ.

ಚನ್ನಗಿರಿಗೆ ಅವಳ ಕಾರಿನಲ್ಲೇ ಹೊರಟೆವು. ದಾರಿಯಲ್ಲಿ ಕಬ್ಬಿನ ಹಾಲು ಕುಡಿಯೋಣ ಎಂದು ನಿಲ್ಲಿಸಿದಳು. ಗಾಣದ ಗೆಜ್ಜೆ ಗಲಗಲ ಎನ್ನುತ್ತಿತ್ತು. ಲೋಟ ಕೈಗೆ ಬಂದ ಮೇಲೆ ಹೇಳಿದೆ.

"ಹಾಲಮ್ಮ, ಅವತ್ತು ಗುಂಗಾಡು ಬಂದಿರಲಿಲ್ಲ."

ಅವಳು ಲೋಟ ಬೆಂಚಿನ ಮೇಲಿಟ್ಟಳು.

"ಎರಡು ಸಲ ಮುಟ್ಟಿಕೊಂಡೆ ನೀನು" ಎಂದಳು. "ಒಂದು ಹುಳಕ್ಕೆ ಎರಡು ಸಲ ಯಾಕೆ ಅಂತ ಎಷ್ಟೋ ಸಲ ಯೋಚನೆ ಮಾಡೀನಿ."

"ಮೊದಲನೇ ಸಲ ನೀನು ಇಳಿಸಲಿಲ್ಲ."

"ಇಳಿಸಲಿಲ್ಲ, ಅಲ್ಲಾ?" ಎಂದು ತಿರುಗಿದಳು. ಕಳೆದುಹೋದ ವಸ್ತುವನ್ನು ಯಾರೋ ತಂದು ಕೈಗಿಟ್ಟಂತೆ ಕೇಳಿದಳು. "ನಾನು ಇಳಿಸಿರಲಿಲ್ಲ."

"ಇಲ್ಲ. ನನ್ನನ್ನೇ ಗುರಾಯಿಸಿಕೊಂಡು ಕೂತಿದ್ದೆ."

"ಅಧ್ಯಕ್ಷರು ನಿನಗೆ ಏನಂದ್ರು? ನಿಜ ಹೇಳು."

"ಏನೂ ಅನ್ನಲಿಲ್ಲ. ನೋಡಿದ್ರು. ಶಲ್ಯ ಸರಿಮಾಡಿಕೊಂಡ್ರು."

"ಅಷ್ಟೇನಾ?"

"ಅಷ್ಟೇ."

ಅವಳಿಗೆ ನಗು ಬಂತು. "ಹಂಗಾದ್ರೆ ಪುಸ್ತಕ ಸರೀನೇ ಐತೆ. ಅದರಾಗಿರೋ ಮನುಷ್ಯ ಮಾತ್ರ ನಾನಲ್ಲ, ನೀನು." ನಗುತ್ತಿದ್ದ ಮುಖವೇ ಹಾಗೇ ಒಡೆಯಿತು. "ಪುಸ್ತಕಕ್ಕೇನೂ ಆಗಲ್ಲ ಬಿಡು. ನನಗೆ ಆಗ ಹದಿನಾರು ವರ್ಷ, ಅಣ್ಣ. ಮನೆಗೆ ಬಂದು ಆ ಕೈಯಾಗೆ ಉಣ್ಣಾಕೆ ಆಗ್ತಿರಲಿಲ್ಲ ನನಗೆ. ನೀನು ಎದುರಿಗೇ ಕೂತು ಉಣ್ತಿದ್ದೆ."

ನಾನು ಏನೋ ಹೇಳಲು ಹೋದೆ. ಕೈ ಅಡ್ಡ ಹಿಡಿದಳು. "ಕ್ಷಮಿಸು ಅಂತ ನನ್ನ ಕೇಳಬ್ಯಾಡ. ಚೌಡಮ್ಮ ನ್ಯಾಮತಿಯಾಗೆ ಮಗಳ ಮನೆಯಾಗೆ ಅದಾರೆ. ನಾನು ಹೋಗಿ ಕಾಲಿಗೆ ಬಿದ್ದೆ. ನೀನೂ ಹೋಗು." ಕಾರು ಚನ್ನಗಿರಿಗೆ ಬಂತು. ಇಳಿಯುವಾಗ ನನ್ನ ಹೆಗಲಿನಿಂದ ಜಾರಿದ ಶಾಲನ್ನು ಎತ್ತಿಕೊಟ್ಟಳು.

ನಾನು ನ್ಯಾಮತಿಗೆ ಹೋದಾಗ ಚೌಡಮ್ಮ ಅಂಗಳದಲ್ಲಿ ಮೆಕ್ಕೆಜೋಳ ಒಣಗಿಸಿಕೊಂಡು ಕೋಳಿ ಅಟ್ಟುತ್ತಾ ಕೂತಿದ್ದರು. ಮೈಕಿನ ರುದ್ರಪ್ಪ, ಹಾಲಮ್ಮನ ಅಣ್ಣ ಎಂದೆ.

"ಓ, ಆ ಹುಡುಗಿ ಅಣ್ಣನಾ? ಆಗಾಗ ಬರ್ತಾಳೆ. ಬಂದಾಗೆಲ್ಲ ಅಳ್ತಾಳೆ. ಅಷ್ಟು ದೊಡ್ಡ ಕೆಲಸದಾಗಿರೋಳು ಹಂಗೆ ಅಳಬಾರದು ಅಂತ ಹೇಳಪ್ಪ."

ನಡೆದದ್ದನ್ನು ಹೇಳಿದೆ. ನನ್ನ ಸನ್ನೆ, ನನ್ನ ಸುಳ್ಳು. ಅವರು ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. "ಇಷ್ಟು ವರ್ಷ ಆ ಮಗೀನ ಅಳಿಸಿದ್ಯಲ್ಲೋ" ಎಂದರು, ಅಷ್ಟೇ. ನಾನು ಮರ ಹತ್ತಿ ತೆಪ್ಪ ನೋಡಿದ್ದನ್ನು ಹೇಳಿದಾಗ ಮಾತ್ರ ನೆಟ್ಟಗೆ ಕೂತರು.

"ನೋಡಿದ್ಯಾ? ಕಣ್ಣಾರೆ?"

"ನೋಡಿದ್ದೆ. ತೇಪೆ ಪಕ್ಕದಾಗೆ ಹರಿದಿತ್ತು."

"ನೋಡಿದೋರು ಒಬ್ಬರೂ ಇಲ್ಲ ಅಂದಿದ್ರು ನನಗೆ." ಕೋಳಿಗಳು ಜೋಳಕ್ಕೆ ಬಾಯಿ ಹಾಕಿದ್ದವು, ಅವರು ಅಟ್ಟಲಿಲ್ಲ. "ನನಗೆ ಯಾಕೆ ಹೇಳ್ತೀಯಪ್ಪ? ಆ ತೇಪೆ ಹೊಲಿದೋಳೇ ನಾನು. ನನಗೆ ಗೊತ್ತಿಲ್ವಾ? ಗೊತ್ತಿಲ್ಲದೋರು ಕೆರೆ ಹತ್ರ ಅದಾರೆ. ಅಲ್ಲಿ ಹೋಗಿ ಹೇಳು."

ಹೋದೆ. ಅಧ್ಯಕ್ಷರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಸಂಘದ ಗೋದಾಮು ಇಲ್ಲ. ಚಾದಂಗಡಿಯ ಮುಂದೆ ಮೂರ್ನಾಲ್ಕು ಜನ ಕೂತಿದ್ದರು, ಹೆಚ್ಚಿನವರು ನನಗಿಂತ ಚಿಕ್ಕವರು. ನಾನು ಹನುಮಂತಪ್ಪನ ಹೆಸರೆತ್ತಿದೆ. ಅವರು ಮುಖ ಮುಖ ನೋಡಿಕೊಂಡರು.

"ಯಾವ ಹನುಮಂತಪ್ಪ?" ಎಂದ ಒಬ್ಬ.

"ಅವನೇ ಕಣೋ, ಕುಡಿದು ಕೆರೆಗೆ ಬಿದ್ದೋನು" ಎಂದ ಇನ್ನೊಬ್ಬ. ಅವನು ಹನುಮಂತಪ್ಪನನ್ನು ಕಂಡಿರುವ ವಯಸ್ಸಿನವನೂ ಅಲ್ಲ.

ನಾನು ಎದ್ದು ನಿಂತೆ. ನನ್ನ ಕಸುಬಿನಲ್ಲಿ ಬೇರೆಯವರ ದನಿಯನ್ನು ದೊಡ್ಡದು ಮಾಡಿದ್ದೇ ಹೊರತು ನನ್ನದನ್ನು ಮಾಡಿದವನಲ್ಲ. ಮಾತು ಎದೆಯಿಂದ ಬರುವಷ್ಟರಲ್ಲಿ ಸಣ್ಣದಾಗಿತ್ತು.

"ಅಲ್ಲ. ಅವನು ಕುಡಿದಿರಲಿಲ್ಲ. ತೆಪ್ಪ ಹರಿದಿತ್ತು."

ಮೂಲೆಯಲ್ಲಿ ಕೂತಿದ್ದ ಮುದುಕರೊಬ್ಬರು ಕಿವಿಗೆ ಕೈ ಅಡ್ಡ ಹಿಡಿದು, "ಏನಂದ್ರಿ? ಕೇಳಲಿಲ್ಲ" ಎಂದರು.

ಅವರ ಹತ್ತಿರ ಹೋಗಿ, ರಸ್ತೆಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.